ಗೂಬೆಯೂ ‘ಎಂತೂ ಇಲ್ಲೆ’ಯೂ

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವನು, ವಯಸ್ಸು 29. ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಊರಿಗೆ ಬಂದವನು ಇಲ್ಲೇ ಉಳಿದೆ. ಮನೆಯ ಮೆತ್ತಿನ ಮೇಲೆ ಕೂತು ಕಂಪನಿ ಕೆಲಸ ಮಾಡುತ್ತೇನೆ, ಬೆಳಿಗ್ಗೆ 11ರಿಂದ ರಾತ್ರಿ 8. ರಾತ್ರಿ ಊಟ ಆದ ಮೇಲೇ ನನಗೆ ಚುರುಕು ಬರುವುದು. ಓದು, ಮೊಬೈಲು ಅಂತ ಮಲಗುವಾಗ ಎರಡೂವರೆ ಆಗುತ್ತದೆ. ಕಾಲೇಜಿನಿಂದಲೂ ಹೀಗೇ. ಅಪ್ಪ 5ಕ್ಕೆಲ್ಲ ಕೊಟ್ಟಿಗೆಯಲ್ಲಿರುತ್ತಾರೆ. ಏಳೂವರೆಗೆ ಆಯಿ ‘ಗೂಬೆ, ಏಳು’ ಅಂತ ಎಬ್ಬಿಸುತ್ತಾಳೆ. ಭಾನುವಾರ ಮಾತ್ರ 3ರಿಂದ 11ರ ತನಕ ಮಲಗುತ್ತೇನೆ. ಮದುವೆಯಾಗಿ ಒಂದೂವರೆ ವರ್ಷ. ಹೆಂಡತಿ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ದೋಸೆ ತಿನ್ನುವಾಗ ‘ಎಂತಾತು? ಯಾಕೆ ಮಾತೇ ಇಲ್ಲೆ?’ ಅಂತ ಕೇಳುತ್ತಾಳೆ. ‘ಎಂತೂ ಇಲ್ಲೆ’ ಅನ್ನುತ್ತೇನೆ. ಸುಳ್ಳಲ್ಲ ಡಾಕ್ಟ್ರೇ, ನಿಜಕ್ಕೂ ಗೊತ್ತಾಗುವುದಿಲ್ಲ. ಹೊಟ್ಟೆಯಲ್ಲಿ ಏನೋ ಗಂಟು ಕಟ್ಟಿದ ಹಾಗಿರುತ್ತದೆ, ಅಷ್ಟೇ. ರಾತ್ರಿ ಎಚ್ಚರ ಇರುವವರಿಗೆ ಖಿನ್ನತೆ ಜಾಸ್ತಿ, ಅವರಿಗೆ ತಮ್ಮ ಭಾವನೆಯೇ ತಿಳಿಯುವುದಿಲ್ಲ ಎಂದು ಮೊಬೈಲಿನಲ್ಲಿ ಓದಿದೆ. ಹೆದರಿ ನಾಲ್ಕು ದಿನ 5ಕ್ಕೆ ಅಲಾರಾಂ ಇಟ್ಟು ಎದ್ದೆ. ಐದನೇ ದಿನ ಹೆಂಡತಿಯ ಮೇಲೆ ಸುಮ್ನೆ ರೇಗಿಬಿಟ್ಟೆ. ನನ್ನ ನಿದ್ದೆ ನನ್ನ ಮನಸ್ಸನ್ನು ಕೆಡಿಸುತ್ತಿದೆಯೇ? ಬೇಗ ಎದ್ದರೆ ಸರಿಹೋಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಸುತ್ತಿಕೊಂಡಿವೆ. ರಾತ್ರಿ ಎಚ್ಚರ ಇರುವುದು ಒಂದು. ಒಳಗೆ ಏನಾಗುತ್ತಿದೆ ಎಂದು ತಿಳಿಯದಿರುವುದು ಇನ್ನೊಂದು. ಅದರ ಜೊತೆಗೆ ಮೊಬೈಲು ನಿಮ್ಮನ್ನು ಹೆದರಿಸಿದೆ. ಹೆದರಿಕೆಯನ್ನು ಸ್ವಲ್ಪ ಬದಿಗಿಡಿ, ಮೊದಲು ಒಂದು ಲೆಕ್ಕ ಮಾಡೋಣ.

ಎರಡೂವರೆಯಿಂದ ಏಳೂವರೆ ಅಂದರೆ 5 ಗಂಟೆ ನಿದ್ದೆ. ಭಾನುವಾರ ಯಾರೂ ಎಬ್ಬಿಸದಿದ್ದರೆ 8 ಗಂಟೆ. ನಿಮ್ಮ ಮೈಗೆ ಎಷ್ಟು ಬೇಕು ಎಂದು ಭಾನುವಾರವೇ ಹೇಳುತ್ತಿದೆ, ಅಲ್ವಾ? ಉಳಿದ ದಿನಗಳಲ್ಲಿ ದಿನಕ್ಕೆ ಮೂರು ಗಂಟೆ ಸಾಲ. ಇನ್ನೊಂದು ಲೆಕ್ಕವೂ ಇದೆ. ವಾರದ ದಿನಗಳಲ್ಲಿ ನಿಮ್ಮ ನಿದ್ದೆಯ ನಡುಮಧ್ಯ ಬೆಳಗಿನ 5 ಗಂಟೆ, ಭಾನುವಾರ 7 ಗಂಟೆ. ಎರಡು ಗಂಟೆ ಅಂತರ. ಭಟ್ಕಳದವರು ದುಬೈಗೆ ಹೋದರೆ ಗಡಿಯಾರ ತಿರುಗಿಸುವುದು ಒಂದೂವರೆ ಗಂಟೆ ಮಾತ್ರ. ನೀವು ಮೆತ್ತು ಇಳಿಯದೆಯೇ ವಾರಕ್ಕೊಮ್ಮೆ ಅದಕ್ಕಿಂತ ದೂರ ಹೋಗಿ ಬರುತ್ತಿದ್ದೀರಿ. ಜರ್ಮನಿಯ ವಿಜ್ಞಾನಿ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ ಇದಕ್ಕೆ ‘ಸೋಶಿಯಲ್ ಜೆಟ್‌ಲ್ಯಾಗ್’ ಎಂದು ಹೆಸರಿಟ್ಟರು.

ಹಾಗಾಗಿ ‘ನಾನು ರಾತ್ರಿ ಜೀವ, ಅದಕ್ಕೇ ಹೀಗೆ’ ಅನ್ನುವ ಮೊದಲು ‘ನನಗೆ ನಿದ್ದೆ ಸಾಲುತ್ತಿಲ್ಲ’ ಅಂತ ಒಪ್ಪಿಕೊಳ್ಳಿ. ಇವೆರಡೂ ಬೇರೆ ಬೇರೆ.

ಈಗ ಗೂಬೆಯ ವಿಷಯ. ತಡವಾಗಿ ಏಳುವವರು ಸೋಮಾರಿಗಳು ಅನ್ನುವುದು ನಮ್ಮ ಕಡೆ ಹೆಚ್ಚುಕಡಿಮೆ ಧರ್ಮದ ಮಾತು. ಐದಕ್ಕೆ ಹಸು ಕಾಯುತ್ತಿರುವ ಮನೆಯಲ್ಲಿ ಅದು ಸಹಜವೂ ಹೌದು. ಆದರೆ ಮೈಯ ಗಡಿಯಾರ ಬೈಗುಳ ಕೇಳುವುದಿಲ್ಲ. ಮೆದುಳಿನ ತಳಭಾಗದಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲೆ ಸುಮಾರು 20 ಸಾವಿರ ನರಕೋಶಗಳ ಸಣ್ಣ ಗುಂಪಿದೆ. ಅದೇ ಗಡಿಯಾರ. ಅದರ ಒಂದು ಸುತ್ತು ಸರಾಸರಿಯಲ್ಲಿ 24 ಗಂಟೆಗಿಂತ ಹತ್ತು-ಹನ್ನೆರಡು ನಿಮಿಷ ಉದ್ದ. ಕೆಲವರಲ್ಲಿ ಇನ್ನೂ ಉದ್ದ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ದಿನಾ ಸರಿಯಾಗುತ್ತದೆ, ಬೀಳದಿದ್ದರೆ ದಿನಕ್ಕಿಷ್ಟು ಹಿಂದೆ ಸರಿಯುತ್ತದೆ. ಸುಮಾರು 7 ಲಕ್ಷ ಜನರ ವಂಶವಾಹಿಗಳನ್ನು ನೋಡಿದ 2019ರ ಒಂದು ಅಧ್ಯಯನದಲ್ಲಿ ಬೇಗ ಏಳುವ ಗುಣಕ್ಕೆ ಸಂಬಂಧಿಸಿದ 351 ಜಾಗಗಳು ಸಿಕ್ಕವು. ವಯಸ್ಸಿನ ಪಾಲೂ ಇದೆ. ಇಪ್ಪತ್ತರ ಆಸುಪಾಸಿನಲ್ಲಿ ಗಡಿಯಾರ ಅತಿ ತಡವಾಗಿ ಓಡುತ್ತದೆ, ಆಮೇಲೆ ನಿಧಾನಕ್ಕೆ ಮುಂದೆ ಬರುತ್ತದೆ. ನಿಮ್ಮ ಅಪ್ಪ 20ನೇ ವಯಸ್ಸಿನಲ್ಲಿ ಎಷ್ಟಕ್ಕೆ ಏಳುತ್ತಿದ್ದರು ಅಂತ ಅಜ್ಜಿ ಇದ್ದರೆ ಕೇಳಿ ನೋಡಿ. ಉತ್ತರ ಮಜವಾಗಿರಬಹುದು.

ಹಾಗಾದರೆ ರಾತ್ರಿ ಎಚ್ಚರ ಇರುವುದೇ ದುಃಖಕ್ಕೆ ಕಾರಣವೇ? ಕಾರವಾರದಲ್ಲಿ ನನ್ನ ಹತ್ತಿರ ಬರುತ್ತಿದ್ದ ಒಬ್ಬ ಯಕ್ಷಗಾನ ಕಲಾವಿದರ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಮೇಳದ ತಿರುಗಾಟ ಇರುವ ಆರು ತಿಂಗಳು ಅವರು ನಿಮಗಿಂತ ದೊಡ್ಡ ಗೂಬೆ. ರಾತ್ರಿಯಿಡೀ ಆಟ, ಬೆಳಿಗ್ಗೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ತೆಗೆದು ಮಲಗಿದರೆ ಏಳುವುದು ಮಧ್ಯಾಹ್ನ ಎರಡಕ್ಕೆ. ಆಗ ಅವರಿಗೆ ಯಾವ ಬೇಜಾರೂ ಇರುತ್ತಿರಲಿಲ್ಲ. ಅವರು ನನ್ನ ಹತ್ತಿರ ಬರುತ್ತಿದ್ದದ್ದು ಜೂನ್-ಜುಲೈನಲ್ಲಿ. ಮಳೆ, ಆಟ ಇಲ್ಲ, ಮನೆಯಲ್ಲಿ ಎಲ್ಲರೂ ಒಂಬತ್ತಕ್ಕೆ ಮಲಗುತ್ತಾರೆ, ಇವರೊಬ್ಬರಿಗೇ ಎಚ್ಚರ. ‘ಚೌಕಿಯಲ್ಲಿ ನಾಲ್ಕು ಗಂಟೆಗೂ ಚಹಾ, ಮಾತು, ನಗೆ. ಮನೆಯಲ್ಲಿ ನಾಲ್ಕು ಗಂಟೆಗೆ ಹಲ್ಲಿ ಲೊಚಗುಟ್ಟೋದು ಬಿಟ್ರೆ ಬೇರೆಂತ ಇಲ್ಲ ಮಾರಾಯ್ರೇ’ ಅನ್ನುತ್ತಿದ್ದರು. ಮೈ ಅದೇ, ಗಡಿಯಾರವೂ ಅದೇ. ಒಂದು ಕಡೆ ಜೊತೆಗೆ ಜನ ಇದ್ದರು, ಪೂರ್ತಿ ನಿದ್ದೆ ಇತ್ತು, ಮಾಡಲು ಕೆಲಸ ಇತ್ತು. ಇನ್ನೊಂದು ಕಡೆ ಮೂರೂ ಇರಲಿಲ್ಲ.

ಮೊಬೈಲಿನಲ್ಲಿ ಓದಿದ್ದು ಪೂರ್ತಿ ಸುಳ್ಳು ಅಂತ ಹೇಳುವುದಿಲ್ಲ. ತಡವಾಗಿ ಮಲಗುವವರಲ್ಲಿ ಖಿನ್ನತೆ ಸ್ವಲ್ಪ ಜಾಸ್ತಿ ಕಾಣುತ್ತದೆ ಎಂದು ಬಹಳ ಅಧ್ಯಯನಗಳು ಹೇಳಿವೆ. ಯುರೋಪ್ ಮೂಲದ ಸುಮಾರು 8.4 ಲಕ್ಷ ಜನರ ಮಾಹಿತಿ ನೋಡಿದ 2021ರ ಅಧ್ಯಯನದಲ್ಲಿ, ನಿದ್ದೆಯ ನಡುಮಧ್ಯ ಒಂದು ಗಂಟೆ ಮುಂಚೆ ಇದ್ದವರಿಗೆ ಖಿನ್ನತೆಯ ಅಪಾಯ 23% ಕಡಿಮೆ ಇತ್ತು. ವಂಶವಾಹಿಯ ಲೆಕ್ಕ ಹಿಡಿದು ಮಾಡಿದ್ದರಿಂದ ಅದಕ್ಕೆ ತೂಕ ಇದೆ. ಆದರೆ ಲೋಕ ನಡೆಯುವುದು ಬೇಗ ಏಳುವವರ ಗಡಿಯಾರದ ಮೇಲೆ. ಶಾಲೆ, ಬ್ಯಾಂಕು, ಬಸ್ಸು, ಮದುವೆ ಮುಹೂರ್ತ ಎಲ್ಲ ಅವರ ಕಡೆಗೇ. ಗೂಬೆಗೆ ಗೂಬೆಯಾಗಿದ್ದರಿಂದ ಬೇಜಾರೋ, ಕೋಳಿಗಳ ಊರಿನಲ್ಲಿ ಗೂಬೆಯಾಗಿದ್ದರಿಂದ ಬೇಜಾರೋ ಎಂದು ಬಿಡಿಸಿ ಹೇಳುವುದು ಕಷ್ಟ. ನನ್ನ ಅನುಭವದಲ್ಲಿ ಎರಡನೆಯದರ ಪಾಲು ದೊಡ್ಡದು. ಇದು ಉಲ್ಟಾ ದಿಕ್ಕಿನಲ್ಲೂ ನಡೆಯುತ್ತದೆ. ಮನಸ್ಸು ಭಾರ ಇದ್ದವರು ನಾಳೆ ಬರುವುದು ಬೇಡ ಅಂತ ಮಲಗುವುದನ್ನು ಮುಂದೂಡುತ್ತಾರೆ.

ನಿಮ್ಮನ್ನೂ ಇದನ್ನೇ ಕೇಳಬೇಕು. ರಾತ್ರಿ ಹನ್ನೊಂದರಿಂದ ಎರಡರ ತನಕ ನಿಮಗೆ ನಿಜಕ್ಕೂ ಚುರುಕು ಇರುತ್ತದೆಯೇ? ಅಥವಾ ಕಣ್ಣು ಎಳೆಯುತ್ತಿದ್ದರೂ ಬೆರಳು ಮೊಬೈಲ್ ಮೇಲೆ ಓಡುತ್ತಿರುತ್ತದೆಯೇ? ದೊಡ್ಡವರು ಇರುವ ಮನೆ. ಹಗಲಿಡೀ ಯಾರಾದರೂ ಒಬ್ಬರು ಮೆತ್ತು ಹತ್ತಿ ಬರುತ್ತಿರುತ್ತಾರೆ. ಎಲ್ಲರೂ ಮಲಗಿದ ಮೇಲೆ ಸಿಗುವ ಎರಡು ಗಂಟೆ ಮಾತ್ರ ನಿಮ್ಮದು. ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ ಎಚ್ಚರ ಇರುವವರನ್ನು ತುಂಬ ನೋಡಿದ್ದೇನೆ. ಅವರಿಗೆ ನಾನು ನಿದ್ದೆಯ ಪಾಠ ಹೇಳುವುದಿಲ್ಲ. ಹಗಲಿನಲ್ಲಿ ಒಂದು ಗಂಟೆ ಬಾಗಿಲು ಹಾಕಿಕೊಳ್ಳಿ ಅಂತ ಹೇಳುತ್ತೇನೆ.

ಇನ್ನು ‘ಎಂತೂ ಇಲ್ಲೆ’. ಭಾವ ಅಂದರೆ ನಮ್ಮೂರಲ್ಲಿ ಮೊದಲು ನೆನಪಾಗುವುದು ಅಕ್ಕನ ಗಂಡ. ಒಳಗಿನ ಭಾವದ ಬಗ್ಗೆ ಮಾತಾಡುವ ರೂಢಿ ನಮಗೆ ಕಡಿಮೆ, ಗಂಡಸರಿಗಂತೂ ಇನ್ನೂ ಕಡಿಮೆ. ತನ್ನ ಭಾವನೆಯನ್ನು ಗುರುತಿಸಲು, ಹೇಳಲು ಆಗದ ಸ್ಥಿತಿಗೆ ಅಮೆರಿಕದ ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದ ಮೊದಲಲ್ಲಿ ಅಲೆಕ್ಸಿಥೈಮಿಯಾ ಎಂಬ ಹೆಸರು ಕೊಟ್ಟರು. ಇದು ರೋಗವಲ್ಲ, ಸ್ವಭಾವದ ಒಂದು ಅಂಚು. ನೂರಕ್ಕೆ ಸುಮಾರು ಹತ್ತು ಜನರಲ್ಲಿ ಎದ್ದು ಕಾಣುತ್ತದೆ. ಅಳೆಯಲು 20 ಪ್ರಶ್ನೆಗಳ ಪಟ್ಟಿ ಇದೆ. ರಾತ್ರಿ ಎಚ್ಚರ ಇರುವವರಿಗೆ ಇದರಲ್ಲಿ ಸರಾಸರಿ ಅಂಕ ಸ್ವಲ್ಪ ಜಾಸ್ತಿ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಸರಾಸರಿ, ಅದೂ ಸ್ವಲ್ಪ. ಅಷ್ಟರಿಂದ ನಿಮ್ಮ ಜಾತಕ ಬರೆಯಲು ಆಗುವುದಿಲ್ಲ.

ನಿಮ್ಮ ಪತ್ರ ಓದಿದರೆ ನನಗೆ ಅಲೆಕ್ಸಿಥೈಮಿಯಾಕ್ಕಿಂತ ದೋಸೆಯ ಹೊತ್ತೇ ದೊಡ್ಡದಾಗಿ ಕಾಣುತ್ತದೆ. ಏಳೂವರೆಗೆ ಎಬ್ಬಿಸಿದ್ದಾರೆ. ನಿಮ್ಮ ಗಡಿಯಾರದ ಪ್ರಕಾರ ಅದಿನ್ನೂ ರಾತ್ರಿಯ ಪಾಲು. ನಿದ್ದೆಯಿಂದ ಅರ್ಧಕ್ಕೆ ಎದ್ದಾಗ ಮೆದುಳಿಗೆ ಅರ್ಧ ಗಂಟೆ, ಒಂದು ಗಂಟೆ ಮಂಪರು ಇರುತ್ತದೆ, ನಿದ್ದೆ ಸಾಲದವರಿಗೆ ಇನ್ನೂ ಹೊತ್ತು. ಆ ಹೊತ್ತಿನಲ್ಲಿ ಹೆಂಡತಿ ‘ಎಂತಾತು?’ ಅಂತ ಪ್ರೀತಿಯಿಂದ ಕೇಳುತ್ತಾರೆ. ಲೈಟು ಹಾಕದ ಕೋಣೆಗೆ ಹೋಗಿ ಕಪಾಟಿನಲ್ಲಿ ಏನಿದೆ ನೋಡು ಅಂದ ಹಾಗೆ. ನೀವು ‘ಎಂತೂ ಇಲ್ಲೆ’ ಅನ್ನುತ್ತೀರಿ, ಅವರು ನೊಂದುಕೊಂಡು ಶಾಲೆಗೆ ಹೋಗುತ್ತಾರೆ, ಸಂಜೆ ಅವರ ಮುಖ ನೋಡಿ ನಿಮ್ಮ ಹೊಟ್ಟೆಯ ಗಂಟು ಇನ್ನಷ್ಟು ಬಿಗಿಯುತ್ತದೆ. ರಾತ್ರಿ ಅದಕ್ಕೇ ಮೊಬೈಲು.

ನಿದ್ದೆ ಕಡಿಮೆಯಾದಾಗ ಭಾವನೆ ಜೋರಾಗುತ್ತದೆ, ಸ್ಪಷ್ಟವಾಗುವುದಿಲ್ಲ. ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರಿಗೆ ಬೇಸರದ ಚಿತ್ರಗಳನ್ನು ತೋರಿಸಿ ಮೆದುಳನ್ನು ಸ್ಕ್ಯಾನ್ ಮಾಡಿದರು, 2007ರಲ್ಲಿ. ಹೆದರಿಕೆ, ಸಿಟ್ಟು ಏಳುವ ಅಮಿಗ್ಡಲಾ ಎಂಬ ಭಾಗ ಸುಮಾರು 60% ಜಾಸ್ತಿ ಕುಣಿಯುತ್ತಿತ್ತು. ಅದನ್ನು ಹಿಡಿದು ನಿಲ್ಲಿಸುವ ಹಣೆಯ ಹಿಂದಿನ ಭಾಗದ ಜೊತೆ ಅದರ ಸಂಪರ್ಕ ಸಡಿಲವಾಗಿತ್ತು. ನಿಮ್ಮ ನಾಲ್ಕು ದಿನದ ಐದು ಗಂಟೆಯ ಸಾಹಸ ಯಾಕೆ ಕೆಟ್ಟಿತು ಎಂಬುದೂ ಇಲ್ಲೇ ಇದೆ. ಮಲಗುವ ಹೊತ್ತು ಬದಲಿಸದೆ ಏಳುವ ಹೊತ್ತು ಮಾತ್ರ ಬದಲಿಸಿದಿರಿ. ಐದು ಗಂಟೆ ನಿದ್ದೆ ಎರಡೂವರೆ ಆಯಿತು. ಕನಸು ಬೀಳುವ ನಿದ್ದೆ ಹೆಚ್ಚಾಗಿ ಬರುವುದು ಕೊನೆಯ ಭಾಗದಲ್ಲಿ. ಹಗಲಿನ ನೋವು-ಸಿಟ್ಟುಗಳ ಮೊನೆ ಸವೆಯುವುದು ಆ ಹೊತ್ತಿನಲ್ಲಿ ಎಂದು ತಜ್ಞರು ನಂಬುತ್ತಾರೆ. ಅಲಾರಾಂ ಕತ್ತರಿಸಿದ್ದು ಅದನ್ನೇ. ಐದನೇ ದಿನ ರೇಗದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು. ಬೇಗ ಏಳುವುದು ತಪ್ಪಲ್ಲ, ಬೇಗ ಮಲಗದೆ ಬೇಗ ಏಳುವುದು ತಪ್ಪು.

ಈಗ ನಿಮ್ಮ ಮುಂದಿರುವ ದಾರಿಗಳು.

ಒಂದು, ನಿಮ್ಮ ಗಡಿಯಾರವನ್ನು ಇದ್ದಲ್ಲೇ ಬಿಟ್ಟು ಮನೆಯನ್ನು ಒಪ್ಪಿಸುವುದು. ಕೆಲಸ ಹನ್ನೊಂದಕ್ಕಲ್ಲವೇ? ಒಂದೂವರೆಗೆ ಮಲಗಿ ಒಂಬತ್ತಕ್ಕೆ ಏಳುತ್ತೇನೆ, ಭಾನುವಾರವೂ ಅಷ್ಟೇ, ನಡುವೆ ಎಬ್ಬಿಸಬೇಡಿ ಅಂತ ಆಯಿಗೆ ಹೇಳಬಹುದು. ವೈದ್ಯಕೀಯವಾಗಿ ಇದರಲ್ಲಿ ತಪ್ಪಿಲ್ಲ. ಕಷ್ಟ ಇರುವುದು ಬೇರೆ ಕಡೆ. ಹೆಂಡತಿ ಎಂಟೂವರೆಗೆ ಹೊರಡುವವರಾದರೆ ಬೆಳಿಗ್ಗೆ ಒಬ್ಬರ ಮುಖ ಒಬ್ಬರು ನೋಡುವುದೇ ಇಲ್ಲ. ಬೆಳಗಿನ ಬೆಳಕು ತಪ್ಪಿದರೆ ಒಂದೂವರೆ ಮತ್ತೆ ಎರಡೂವರೆ ಆಗಲು ಒಂದು ತಿಂಗಳು ಸಾಕು.

ಎರಡು, ಗಡಿಯಾರವನ್ನು ನಿಧಾನಕ್ಕೆ ಮುಂದೆ ತರುವುದು. ನಾನು ನಿಮಗೆ ಹೇಳುವುದು ಇದನ್ನೇ. ಐದಕ್ಕಲ್ಲ, ಏಳಕ್ಕೆ. 2019ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಸರಾಸರಿ ಎರಡೂವರೆಗೆ ಮಲಗಿ ಹತ್ತೂಕಾಲಿಗೆ ಏಳುವ 22 ಜನ ಇದ್ದರು. ಔಷಧಿ ಇಲ್ಲ. ಬೆಳಿಗ್ಗೆ ಎದ್ದು ಹೊರಗಿನ ಬೆಳಕು, ಎದ್ದ ಕೂಡಲೇ ತಿಂಡಿ, ಮೂರರ ಮೇಲೆ ಕಾಫಿ-ಚಹಾ ಇಲ್ಲ, ಸಂಜೆ ನಾಲ್ಕರ ಮೇಲೆ ನಿದ್ದೆ ಇಲ್ಲ, ರಾತ್ರಿ ಬೇಗ ಊಟ, ಕಡಿಮೆ ಬೆಳಕು, ರಜೆಯಲ್ಲೂ ಅದೇ ಹೊತ್ತು. ಮೂರು ವಾರದಲ್ಲಿ, ಅವರಲ್ಲಿ ಈ ನಿಯಮ ಪಾಲಿಸಿದ ಗುಂಪಿನವರ ಗಡಿಯಾರ ಸುಮಾರು ಎರಡು ಗಂಟೆ ಮುಂದೆ ಬಂತು, ನಿದ್ದೆಯ ಉದ್ದ ಕಡಿಮೆಯಾಗಲಿಲ್ಲ. ಬೇಸರ, ಒತ್ತಡದ ಅಂಕಗಳೂ ಇಳಿದವು. 22 ಜನ ಅಂದರೆ ಒಂದು ಪಂಕ್ತಿಗೂ ಸಾಲದಷ್ಟು, ನಿಜ. ಆದರೆ ಹೇಳಿದ್ದು ನಾನು ದಿನಾ ನೋಡುವುದಕ್ಕೆ ಹೊಂದುತ್ತದೆ.

ನೀವು ಮೂರು-ನಾಲ್ಕು ದಿನಕ್ಕೊಮ್ಮೆ ಹದಿನೈದು-ಇಪ್ಪತ್ತು ನಿಮಿಷ ಮುಂಚೆ ಮಲಗಿ. ಎರಡು ತಿಂಗಳು ಹಿಡಿದರೂ ಹಿಡಿಯಲಿ. ಬೆಳಕಿನ ವಿಷಯ ಮಾತ್ರ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕು. ಹಳೇ ಮನೆ, ತಗ್ಗಿದ ಮಾಡು, ಸಣ್ಣ ಕಿಟಕಿ. ಮಳೆಗಾಲಕ್ಕೆ ಸುತ್ತ ಸೋಗೆ ತಟ್ಟಿ ಕಟ್ಟಿದರೆ ಹಗಲು ಹನ್ನೊಂದಕ್ಕೂ ಒಳಗೆ ಲೈಟು ಬೇಕು. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ, ಆ ಲೈಟು ಕೊಡುವುದು ನೂರು-ಇನ್ನೂರು ಲಕ್ಸ್. ಮೋಡ ಕವಿದ ಜುಲೈ ದಿನದಲ್ಲೂ ಬಯಲಲ್ಲಿ ಸಾವಿರಗಟ್ಟಲೆ ಲಕ್ಸ್ ಇರುತ್ತದೆ. ಕಣ್ಣಿಗೆ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ, ಗಡಿಯಾರಕ್ಕೆ ಗೊತ್ತಾಗುತ್ತದೆ. ಆದ್ದರಿಂದ ಚಹಾ ಲೋಟ ಹಿಡಿದು ಅಂಗಳಕ್ಕೋ ರಸ್ತೆಗೋ ಹೋಗಿ ಅರ್ಧ ಗಂಟೆ ಇರಿ, ಕೊಡೆ ಹಿಡಿದಾದರೂ ಸರಿ. ತೋಟಕ್ಕೆ ಹೋಗಬೇಡಿ, ಅಡಿಕೆ ಮರದ ಕೆಳಗೆ ಕತ್ತಲು ಜಾಸ್ತಿ. ಮಧ್ಯಾಹ್ನದ ಊಟಕ್ಕೆ ಅಪ್ಪೆಹುಳಿ ಇದ್ದ ದಿನ ಎಚ್ಚರ. ಅದು ಕುಡಿದರೆ ನಿದ್ದೆ ಬರುತ್ತದೆ ಅನ್ನುತ್ತಾರೆ. ಅದರ ರುಚಿಗೆ ಎರಡು ಸೌಟು ಅನ್ನ ಜಾಸ್ತಿ ಇಳಿಯುತ್ತದಲ್ಲ, ಅದರದ್ದೇ ಕೆಲಸ ಅಂತ ನನ್ನ ಗುಮಾನಿ. ಇಪ್ಪತ್ತು ನಿಮಿಷ ಒರಗಿದರೆ ಪರವಾಗಿಲ್ಲ. ಒಂದೂವರೆ ಗಂಟೆ ಕಂಬಳಿ ಹೊದ್ದರೆ ರಾತ್ರಿಯ ನಿದ್ದೆಯನ್ನೇ ಅಷ್ಟು ತಿಂದ ಹಾಗೆ.

ಮೆಲಟೋನಿನ್ ಮಾತ್ರೆ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಗಡಿಯಾರ ಸರಿಸಲು ಅದು ಸಹಾಯ ಮಾಡಬಹುದು. ಆದರೆ ಎಷ್ಟು ತಗೊಂಡಿರಿ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ತಗೊಂಡಿರಿ ಅನ್ನುವುದು ಮುಖ್ಯ. ತಪ್ಪು ಹೊತ್ತಿಗೆ ತಗೊಂಡರೆ ಗಡಿಯಾರ ಉಲ್ಟಾ ಸರಿಯುತ್ತದೆ. ವೈದ್ಯರನ್ನು ಕೇಳದೆ ಬೇಡ. ನಿದ್ದೆಗೆ ಅಂತ ಒಂದು ಪೆಗ್ ಹಾಕುವವರಿಗೂ ಒಂದು ಮಾತು: ಮಲಗಿಸುವುದು ಅದೇ, ಮೂರು ಗಂಟೆಗೆ ಎಬ್ಬಿಸಿ ಕೂರಿಸುವುದೂ ಅದೇ.

ಭಾವನೆಯ ಕಡೆಗೆ ಬೇರೆಯೇ ಕೆಲಸ ಬೇಕು, ನಿದ್ದೆ ಸರಿಯಾದ ಮಾತ್ರಕ್ಕೆ ಮಾತು ಬರುವುದಿಲ್ಲ. ‘ಎಂತಾತು?’ ಪ್ರಶ್ನೆಯನ್ನು ಬೆಳಗಿನಿಂದ ಸಂಜೆಗೆ ಸಾಗಿಸಿ. ಹೆಂಡತಿಗೆ ನೀವೇ ಹೇಳಿ, ‘ಬೆಳಿಗ್ಗೆ ನನಗೆ ತಲೆ ಓಡ್ತಿಲ್ಲೆ, ಸಂಜೆ ಕೇಳು’ ಅಂತ. ಇಷ್ಟು ಹೇಳಿದರೇ ಅರ್ಧ ಜಗಳ ಮುಗಿಯುತ್ತದೆ. ಸಂಜೆ ಮೊದಲು ಮೈಯಿಂದ ಶುರು ಮಾಡಿ. ಹೊಟ್ಟೆಯ ಗಂಟು ನಿಮಗೆ ಗೊತ್ತಾಗುತ್ತದಲ್ಲ, ಅದೇ ಹಿಡಿಕೆ. ಇವತ್ತು ಯಾವಾಗ ಕಟ್ಟಿತು? ಮೂರು ಗಂಟೆಯ ಮೀಟಿಂಗ್ ಆದ ಮೇಲೋ, ಅಪ್ಪ ತೋಟದ ಲೆಕ್ಕ ಕೇಳಿದ ಮೇಲೋ? ಆಮೇಲೆ ಪದ ಹುಡುಕಿ. ‘ಬೇಜಾರು’ ಅನ್ನಬೇಡಿ. ಕನ್ನಡದಲ್ಲಿ ಅದು ಸಂತೆ ಚೀಲ ಇದ್ದ ಹಾಗೆ, ಮಳೆ ಬಂದರೂ ಬೇಜಾರು, ಯಾರಾದರೂ ಸತ್ತರೂ ಬೇಜಾರು. ಚೀಲ ಬಿಚ್ಚಿ ನೋಡಿ. ಸಿಟ್ಟೇ? ಅವಮಾನವೇ? ಮುಜುಗರವೇ? ಹೆದರಿಕೆಯೇ? ಬೆಂಗಳೂರಲ್ಲೇ ಉಳಿದ ಗೆಳೆಯನ ಬಗ್ಗೆ ಹೊಟ್ಟೆಕಿಚ್ಚೇ? ತಪ್ಪು ಪದ ಹೇಳಿದರೂ ಪರವಾಗಿಲ್ಲ, ಹೇಳಿದ ಮೇಲೆ ‘ಅದಲ್ಲ’ ಅಂತ ಒಳಗಿನಿಂದಲೇ ಬರುತ್ತದೆ. ಇದರಲ್ಲಿ ಒಂದೇ ಅಪಾಯ, ರಾತ್ರಿ ಒಂದು ಗಂಟೆಗೆ ಒಬ್ಬರೇ ಕೂತು ಮಾಡುವುದು. ಆ ಹೊತ್ತಿಗೆ ಹುಡುಕಾಟ ಕೊರಗಾಗುತ್ತದೆ. ಮಧ್ಯರಾತ್ರಿ ಕಳೆದ ಮೇಲೆ ನೌಕರಿ ಬಿಡುವ, ಸಂಬಂಧ ಮುರಿಯುವ ತೀರ್ಮಾನಗಳನ್ನು ನನ್ನ ರೋಗಿಗಳಿಗೆ ನಾನು ಬಿಡುವುದಿಲ್ಲ.

ಕೆಲವು ಗುರುತುಗಳಿದ್ದರೆ ಮೇಲಿನದ್ದೆಲ್ಲ ಬಿಟ್ಟು ಮೊದಲು ವೈದ್ಯರನ್ನು ನೋಡಿ. ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿದ್ದರೆ, ರಾತ್ರಿಯ ಇಷ್ಟದ ಓದೂ ಬೇಡವಾದರೆ, ಊಟ ಸೇರದಿದ್ದರೆ, ಬದುಕಿ ಏನು ಎಂಬ ಯೋಚನೆ ಒಮ್ಮೆ ಬಂದರೂ. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಇದೆ, ಉಚಿತ, ರಾತ್ರಿ ಎರಡೂವರೆಗೂ ಎತ್ತುತ್ತಾರೆ. ಮೂರು ಗಂಟೆ ಮಾತ್ರ ಮಲಗಿ ದಿನಗಟ್ಟಲೆ ಸುಸ್ತೇ ಇಲ್ಲದೆ ಹಾರಾಡುವಂತಾದರೆ ಅದು ಇನ್ನೊಂದು ಕಾಯಿಲೆಯ ಸೂಚನೆ ಇರಬಹುದು. ಅಂಥವರು ನಿದ್ದೆ, ಬೆಳಕಿನ ಪ್ರಯೋಗವನ್ನು ತಾವೇ ಮಾಡಬಾರದು. ಜೋರು ಗೊರಕೆ ಇದ್ದರೆ ಅದನ್ನೂ ಹೇಳಿ. ಥೈರಾಯ್ಡ್, ಬಿ12 ಪರೀಕ್ಷೆ ಒಮ್ಮೆ ಆಗಲಿ.

ಕೊಟ್ಟಿಗೆಯ ಪ್ರಶ್ನೆ ಉಳಿಯಿತು. ಬೆಳಗಿನ ಹಾಲು ಅಪ್ಪನಿಗೇ ಇರಲಿ. ಸಂಜೆ ಐದೂವರೆಗೆ ಕಂಪನಿಯಲ್ಲಿ ಅರ್ಧ ಗಂಟೆ ಬಿಡುವು ಕೇಳಿ, ಆ ಹೊತ್ತಿನ ಹಾಲು ನೀವು ಕರೆಯಿರಿ. ಹೆಂಡತಿಯೂ ಶಾಲೆಯಿಂದ ಬಂದಿರುತ್ತಾರೆ, ಕರು ಬಿಡಲು ಒಬ್ಬರು ಬೇಕಲ್ಲ. ಆಯಿಗೆ ಗೂಬೆ ಅನ್ನಲು ಕಾರಣ ಕಡಿಮೆಯಾಗುತ್ತದೆ. ಮೊದಲು ನಾಲ್ಕು ದಿನ ಹಿಂಡಿ ಹಾಕಿ ಗುರುತು ಮಾಡಿಕೊಳ್ಳಿ, ಹೊಸ ಕೈ ಅಂದರೆ ಹಸು ಒದೆಯುತ್ತದೆ.